ಅತ್ತೆಯ ಬಾಳೆ, ಅಳಿಯನ ದಾನ

ಮಳವಳ್ಳಿಯ ಆ ಬೀದಿಯಲ್ಲಿ ಪಂಚಾಂಗ ಬಾಯಿಪಾಠವಾಗಿದ್ದವರು ಇಬ್ಬರೇ. ಒಬ್ಬರು ದೇವಸ್ಥಾನದ ಪುರೋಹಿತರು. ಅವರಿಗೆ ಅದು ಹೊಟ್ಟೆಪಾಡು. ಇನ್ನೊಬ್ಬಳು ಪಂಪ್‌ಸೆಟ್ ಮೆಕ್ಯಾನಿಕ್ ವಾಜಿದನ ಹೆಂಡತಿ ತಾಹೇರಾ. ಅವಳಿಗೆ ಅದು ಹೊಟ್ಟೆಯುರಿ. ವರಮಹಾಲಕ್ಷ್ಮಿ ಯಾವ ಶುಕ್ರವಾರ, ಗೌರಿ ಯಾವತ್ತು, ಮಹಾಲಯ ಅಮಾವಾಸ್ಯೆ ಯಾವ ವಾರ ಬಿತ್ತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಹಬ್ಬ ಹತ್ತಿರ ಬಂತೆಂದರೆ ಬೀದಿಯ ಹೆಂಗಸರಿಗೆಲ್ಲ ಸಂಭ್ರಮ, ತಾಹೇರಾಗೆ ಮಾತ್ರ ಎದೆ ಡವಡವ. ಅವಳ ಹಿತ್ತಲಲ್ಲಿ ಬಾಳೆ ಇತ್ತು, ಅವಳ ಮನೆಯಲ್ಲಿ ವಾಜಿದ್ ಇದ್ದ.

ಹಿತ್ತಲೆಂದರೆ ದೊಡ್ಡ ತೋಟವೇನಲ್ಲ. ವಾಜಿದನ ಅಪ್ಪ ಬಿಟ್ಟುಹೋದ ಒಂದಿಷ್ಟು ನೆಲ, ಕೊನೆಯಲ್ಲೊಂದು ಮೋಟುಗೋಡೆ. ಒಂದು ಸಾಲು ಪಚ್ಚಬಾಳೆ, ಒಂದು ಸಾಲು ಏಲಕ್ಕಿ, ಪಲ್ಯಕ್ಕೆಂದು ನಾಲ್ಕು ಬೂದುಬಾಳೆ. ತಾಹೇರಾ ಬಂಡೂರಿನಿಂದ ಕುರಿಗೊಬ್ಬರ ತರಿಸುತ್ತಿದ್ದಳು, ಬಟ್ಟೆ ಒಗೆದ ನೀರನ್ನೂ ವ್ಯರ್ಥ ಮಾಡದೆ ಬುಡಕ್ಕೆ ಹಾಯಿಸುತ್ತಿದ್ದಳು, ಒಣಗಿದ ಸೋಗೆಯನ್ನು ತಾನೇ ಕುಡುಗೋಲು ಹಿಡಿದು ಸವರುತ್ತಿದ್ದಳು. ಇಷ್ಟೆಲ್ಲ ಮಾಡಿದರೂ ಅವಳ ಗೊನೆಗಳು ಪ್ರತಿ ವರ್ಷ ಬಡಕಲಾಗಿಯೇ ಇಳಿಯುತ್ತಿದ್ದವು. ಕಾರಣ ಅವಳಿಗೆ ಗೊತ್ತಿತ್ತು, ಗೊತ್ತಿದ್ದುದೇ ಸಂಕಟ.

ಬಾಳೆ ತಿನ್ನುವವರಿಗೆ ಗೊತ್ತಿಲ್ಲದ, ಬೆಳೆಯುವವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇದೆ. ಗೊನೆಯನ್ನು ತುಂಬಿಸುವುದು ಎಲೆ. ಹೂವು ಬಿಟ್ಟ ಮೇಲೆ ಬಾಳೆಗೆ ಹೊಸ ಎಲೆ ಬರುವುದಿಲ್ಲ. ಇದ್ದ ಎಲೆಯಲ್ಲೇ ಅದು ಕಾಯಿಯನ್ನು ಸಾಕಬೇಕು. ಆಗ ಯಾರಾದರೂ ಬಂದು ಎಲೆ ಕೊಯ್ದರೆ ಕೂಸಿನ ಬಾಯಿಂದ ಹಾಲು ಕಿತ್ತ ಹಾಗೆಯೇ. ವಾಜಿದ್ ಅದನ್ನೇ ಮಾಡುತ್ತಿದ್ದ. ಹಬ್ಬದ ಹಿಂದಿನ ಸಂಜೆ ಅಂಗಡಿಯಿಂದ ಬಂದವನೇ ಕೈಕಾಲು ಕೂಡ ತೊಳೆಯದೆ ಕುಡುಗೋಲು ಹುಡುಕುವನು.

"ಮೇಷ್ಟ್ರ ಮನೆಗೆ ಎಲೆ ಬೇಕಂತೆ."

ಮೇಷ್ಟ್ರೆಂದರೆ ಎದುರುಮನೆಯ ವೆಂಕಟೇಶಮೂರ್ತಿ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಹೆಂಡತಿ ಶ್ರೀಮತಮ್ಮ, ಮಗಳು ಆಶ್ರಿತಾ. ಮೇಷ್ಟ್ರ ಮನೆಯಾದ ಮೇಲೆ ಇನ್ನೂ ನಾಲ್ಕು ಮನೆ. ಒಬ್ಬರಿಗೆ ಎಲೆಯಂತೆ, ಒಬ್ಬರಿಗೆ ಬಾಗಿಲಿಗೆ ಕಟ್ಟಲು ಕಂದಂತೆ, ಒಬ್ಬರಿಗೆ ಹೂವಂತೆ. ಕಂದು ಎಂದರೆ ಬಾಳೆಯ ಬುಡದಲ್ಲಿ ಏಳುವ ಮರಿಗಿಡ, ಮುಂದಿನ ವರ್ಷದ ಬೆಳೆ. ಅದೂ ಯಾರದೋ ಬಾಗಿಲಲ್ಲಿ ಬಾಡಿ ಬೀಳುತ್ತಿತ್ತು. ತಾಹೇರಾ ಒಳಗೊಳಗೇ ಶ್ರೀಮತಮ್ಮನನ್ನು ಶಪಿಸುತ್ತಿದ್ದಳು. ಈಯಮ್ಮನ ಮನೆಯಲ್ಲಿ ತಟ್ಟೆಗಳೇ ಇಲ್ಲವೇ? ಸಂಬಳ ತಿಂದ ಮನೆ, ಪೇಟೆಯಲ್ಲಿ ಎಲೆ ಕೊಂಡರೆ ಗಂಟೇನು ಹೋಗುತ್ತದೆ? ಆದರೂ ಎದುರಿಗೆ ಸಿಕ್ಕಾಗ ನಗಬೇಕು. ತನ್ನ ಮಗಳು ಅಂಜುಮ್‌ಗೆ ಮೇಷ್ಟ್ರು ಮನೆಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟಿದ್ದರು. ಅದಕ್ಕೇ ತಾಹೇರಾ ನಗುತ್ತಿದ್ದಳು.

ಊರವರ ಬಾಯಲ್ಲಿ ವಾಜಿದ್ ಬಂಗಾರದಂಥ ಮನುಷ್ಯ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಯಾರು ಕಟ್ಟಿದರೋ, ಇಂಥ ಗಂಡನ ಜೊತೆ ಸಂಸಾರ ಮಾಡಿದವಳೇ ಇರಬೇಕು.

ಇಷ್ಟು ವರ್ಷ ತಾಹೇರಾ ಹಲ್ಲು ಕಚ್ಚಿ ಸಹಿಸಿದ್ದಳು. ಆದರೆ ಈ ಸಲ ಮೋಟುಗೋಡೆಯ ಮೂಲೆಯಲ್ಲಿ ಅವಳ ತಾಯಿಯ ಬಾಳೆ ಗೊನೆ ಹಾಕಿತ್ತು.

ಅವಳ ತವರು ಚಿಕ್ಕರಸಿನಕೆರೆ. ಅಲ್ಲಿ ಅಮ್ಮಿ ಬಾವಿಯ ಪಕ್ಕದಲ್ಲಿ ರಸಬಾಳೆ ಬೆಳೆಸಿದ್ದರು. ಆ ಹಣ್ಣು ಮನೆಯೊಳಗಿದ್ದರೆ ಬೀದಿಯಲ್ಲಿ ಹೋಗುವವರು ನಿಂತು ಮೂಸುತ್ತಿದ್ದರು. ಅಮ್ಮಿ ತೀರಿಕೊಂಡ ಮೇಲೆ ಮನೆ ಪಾಲಾಯಿತು, ಹಿತ್ತಲನ್ನು ನೆಲಸಮ ಮಾಡಿ ಯಾರೋ ಮನೆ ಕಟ್ಟಿದರು. ಕಡಿಯುವ ಮುಂಚಿನ ದಿನ ಓಡಿಹೋಗಿ ತಾಹೇರಾ ಒಂದೇ ಒಂದು ಕಂದನ್ನು ಅಗೆದು, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅಕ್ಕ ಜಾಕಿಯಾ ಅವತ್ತಿನಿಂದಲೂ ಒಂದೇ ಮಾತು. ಬಾವಿಯ ಹತ್ತಿರದ್ದೇ ಬೇರೆ, ಕೊಟ್ಟಿಗೆ ಹತ್ತಿರದ್ದೇ ಬೇರೆ. ನೀನು ಗಡಿಬಿಡಿಯಲ್ಲಿ ಕೊಟ್ಟಿಗೆ ಹತ್ತಿರದ ಕಾಡುಜಾತಿಯನ್ನು ಹೊತ್ತು ತಂದಿದ್ದೀಯ. ಎಲೆ ನೋಡಿ ಹೇಳುವ ಹಾಗಿರಲಿಲ್ಲ. ಹಣ್ಣೇ ಸಾಕ್ಷಿ ಹೇಳಬೇಕಿತ್ತು.

ಇದು ಬರೀ ಅಕ್ಕತಂಗಿಯರ ಹಠವಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ವಾಜಿದನ ಅಂಗಡಿ ಇದ್ದ ಹಳೇ ಕಟ್ಟಡವನ್ನು ಮಾಲೀಕ ಕೆಡವುತ್ತಾನಂತೆ. ರಂಜಾನ್ ಮುಗಿದ ಕೂಡಲೇ ಹಿತ್ತಲಿನ ಬಾಳೆ ಕಿತ್ತು ಅಲ್ಲೇ ಶೆಡ್ ಹಾಕುತ್ತೇನೆಂದು ವಾಜಿದ್ ತೀರ್ಮಾನಿಸಿಬಿಟ್ಟಿದ್ದ. ಹಾಗಾದರೆ ಅಮ್ಮಿಯ ಬಾಳೆ ಎಲ್ಲಿಗೆ ಹೋಗಬೇಕು? ಜಾಕಿಯಾಳ ಮನೆ ಕೊತ್ತತ್ತಿಯಲ್ಲಿ, ಅಲ್ಲಿ ನಾಲೆ ನೀರಿನ ಜಮೀನಿದೆ. ಭಾವ ಯಾಸೀನ್ ಕೆಟ್ಟವನಲ್ಲ, ಆದರೆ ಲೆಕ್ಕದ ಮನುಷ್ಯ. ಕಬ್ಬು ಬರುವ ನೆಲದಲ್ಲಿ ಹೆಸರಿಲ್ಲದ ಬಾಳೆ ನೆಡುವವನಲ್ಲ. "ಮೊದ್ಲು ಹಣ್ಣು ತಿನ್ಸು, ಆಮ್ಯಾಕೆ ನೆಲ ಕೇಳು," ಅಂದಿದ್ದ. ಅಲ್ಲಿಗೆ ಎಲ್ಲವೂ ಆ ಒಂದು ಗೊನೆಯ ಮೇಲೆ ನಿಂತಿತು.

ತಾಹೇರಾ ಆ ಗಿಡವನ್ನು ಬಾಣಂತಿಯಂತೆ ನೋಡಿಕೊಂಡಳು. ಕವೆಗೋಲು ಕೊಟ್ಟು ನಿಲ್ಲಿಸಿದಳು. ಅಳಿಲು ಮುಟ್ಟದಂತೆ ಗೊನೆಗೆ ಹಳೇ ದುಪಟ್ಟಾ ಹೊದಿಸಿದಳು. ಯಾವ ಹಬ್ಬ ಬಂದರೂ ಅದರ ಒಂದೆಲೆಯನ್ನೂ ಕೊಯ್ಯಗೊಡಲಿಲ್ಲ. ಆದ್ದರಿಂದಲೇ ಆ ಹಿತ್ತಲಲ್ಲಿ ಮೊದಲ ಬಾರಿಗೆ ಒಂದು ಗೊನೆ ಗೊನೆಯ ಹಾಗೆ ಬೆಳೆಯಿತು. ವಾಜಿದನಿಗೆ ಹೇಳಿಯೂ ಇದ್ದಳು. ಮನೆಯಲ್ಲಿ ಮಾತು ಉರ್ದುವೇ. ಆದರೆ ತಾಹೇರಾಗೆ ಸಿಟ್ಟೋ ಕಾಳಜಿಯೋ ಹೆಚ್ಚಾದರೆ ಚಿಕ್ಕರಸಿನಕೆರೆಯ ಕನ್ನಡವೇ ಬರುತ್ತಿತ್ತು.

"ಆ ಮೂಲೆ ಗಿಡದ ತಂಟೆಗೆ ಮಾತ್ರ ಓಗ್ಬ್ಯಾಡಿ, ಕೇಳುಸ್ತಾ?"

"ಹೂಂ," ಅಂದಿದ್ದ ವಾಜಿದ್. ಅವನ ಕೈಯಲ್ಲಿ ಸುಟ್ಟುಹೋದ ಮೋಟಾರಿನ ತಂತಿ ಇತ್ತು, ಕಣ್ಣೂ ಅಲ್ಲೇ ಇತ್ತು. ಆ ಹೂಂ ಯಾರಿಗೆ ಹೇಳಿದ್ದೋ.

ಮಾಘದಲ್ಲಿ ಆಶ್ರಿತಾಳ ಮದುವೆ ಗೊತ್ತಾಯಿತು, ಊರಿನ ಛತ್ರದಲ್ಲೇ. ಛತ್ರದ ಬಾಗಿಲಿಗೆ ಗೊನೆ ಸಮೇತ ಎರಡು ಬಾಳೆಮರ ಕಟ್ಟುವುದು ವಾಡಿಕೆ. ಅದಕ್ಕೂ ವಾಜಿದ್ ಆಗಲೇ ಮಾತು ಕೊಟ್ಟಾಗಿತ್ತು. ತಾಹೇರಾ ಜಗಳ ಆಡಲಿಲ್ಲ. ಮದುವೆಯಲ್ಲವೇ, ಹುಡುಗಿ ಕಣ್ಣೆದುರೇ ಬೆಳೆದವಳು. "ಪಚ್ಚಬಾಳೆ ಸಾಲಲ್ಲಿ ಎಲ್ಡು ಕಡುಸ್ಕೊಡಿ," ಎಂದು ಹೇಳಿ, ಮದುವೆಯ ಹಿಂದಿನ ದಿನ ಕೊತ್ತತ್ತಿಗೆ ಹೋದಳು. ರಂಜಾನಿನಲ್ಲಿ ಒಂದು ದಿನ ಅಕ್ಕ ಭಾವ ಇಬ್ಬರನ್ನೂ ಇಫ್ತಾರಿಗೆ ಕರೆಯಬೇಕಿತ್ತು. ಅಷ್ಟರಲ್ಲಿ ಗೊನೆ ಪೂರ್ತಿ ಬಲಿತು ಹಣ್ಣಾಗಿರುತ್ತದೆಂದು ಅವಳ ಅಂದಾಜು. ಯಾಸೀನ್ ಬರುತ್ತೇನೆಂದು ಒಪ್ಪಿಕೊಂಡ. ನಾಲೆಯ ಪಕ್ಕದ ಒಂದು ಮಡಿಯನ್ನೂ ತೋರಿಸಿ, ಹಣ್ಣು ಸರಿಯಾಗಿದ್ದರೆ ಇದೇ ನಿನ್ನದು ಎಂದ. ತಾಹೇರಾ ಆ ರಾತ್ರಿ ಅಕ್ಕನ ಮನೆಯಲ್ಲಿ ಕಣ್ತುಂಬ ನಿದ್ದೆ ಮಾಡಿದಳು.

ಬೆಳಿಗ್ಗೆ ಮಂಡ್ಯದಲ್ಲಿ ಬಸ್ಸು ಬದಲಾಯಿಸಿ, ಮಳವಳ್ಳಿಯಲ್ಲಿ ಇಳಿದು, ಮುಹೂರ್ತಕ್ಕೆ ತಡವಾಯಿತೆಂದು ನೇರ ಛತ್ರಕ್ಕೇ ನಡೆದಳು. ಬಾಗಿಲಲ್ಲಿ ಕಾಲು ನಿಂತಿತು.

ಎಡಗಡೆಯ ಕಂಬಕ್ಕೆ ಪಚ್ಚಬಾಳೆ ಕಟ್ಟಿದ್ದರು. ಬಲಗಡೆ ಅಮ್ಮಿಯ ಬಾಳೆ. ಅವಳಿಗೆ ಎರಡನೇ ಸಲ ನೋಡುವ ಅಗತ್ಯವೇ ಬೀಳಲಿಲ್ಲ. ದಿನಾ ಬೆಳಗಾದರೆ ಮುಟ್ಟಿ ನೋಡುತ್ತಿದ್ದ ಚಿಪ್ಪುಗಳು. ಮೈಯ ಏಣು ಇನ್ನೂ ತುಂಬಿ ದುಂಡಗಾಗದ, ಮುಕ್ಕಾಲು ಬಲಿತ ಕಾಯಿ. ಒಂದು ತಿಂಗಳು ಗಿಡದಲ್ಲೇ ಇರಬೇಕಾದದ್ದು. ಎಲೆಗಳನ್ನು ಅಂದಕ್ಕೆಂದು ಅರ್ಧರ್ಧ ಕತ್ತರಿಸಿದ್ದರು. ಬಂದವರೆಲ್ಲ ಅದರ ಕೆಳಗೇ ನಗುನಗುತ್ತಾ ಒಳಗೆ ಹೋಗುತ್ತಿದ್ದರು.

ಚಪ್ಪರದ ಕೆಲಸದ ಅಂಕಯ್ಯ ಬಾಗಿಲಲ್ಲೇ ಬೀಡಿ ಸೇದುತ್ತಾ ನಿಂತಿದ್ದ. ತಾಹೇರಾ ಅವನನ್ನು ಹಿಡಿದಳು.

"ಇದನ್ಯಾಕೆ ಕಡ್ದೆ ಅಂಕಯ್ಯ?"

"ನಾನ್ಯಾಕವ್ವಾ ಕಡೀಲಿ, ಸಾಬ್ರೇ ಕರ್ಕೊಂಡೋಗಿ ತೋರ್ಸಿದ್ರು. ನಾನಂದೆ, ಇದಿನ್ನೂ ಬಲ್ತಿಲ್ಲ ಕನ್ರೀ, ಪಚ್ಚಬಾಳೇನೇ ಎಲ್ಡು ಕಡ್ಕತೀನಿ ಅಂತ. ಅವ್ರೆಲ್ಲಿ ಕೇಳ್ತಾರೆ. ಸುಬಕಾರ್ಯಕ್ಕೆ ಕೊಡೋವಾಗ ಇರಾದ್ರಲ್ಲಿ ಒಳ್ಳೇದ್ನೇ ಕೊಡ್ಬೇಕು ಕನಯ್ಯಾ ಅಂದ್ರು. ದುಪಟ್ಟಾನೂ ಅವ್ರೇ ಬಿಚ್ಚುದ್ರು."

ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂದು ಜನ ನಗುವುದಕ್ಕೆ ಹೇಳುತ್ತಾರೆ. ತಾಹೇರಾಗೆ ನಗು ಬರಲಿಲ್ಲ. ಯಾರ ಮೇಲೆ ಹಾಯಲಿ ಎಂದು ನೋಡುವಷ್ಟರಲ್ಲಿ ಶ್ರೀಮತಮ್ಮನೇ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಎದುರಿಗೆ ಬಂದರು.

"ಬಾ ತಾಹೇರಾ, ಯಾಕಿಷ್ಟು ತಡ? ನಿಮ್ಮನೆ ಬಾಳೆ ನೋಡಿದೆಯಾ, ಬೀಗರೆಲ್ಲ ಹೊಗಳ್ತಿದ್ದಾರೆ."

ಇಷ್ಟು ವರ್ಷ ನುಂಗಿಕೊಂಡಿದ್ದು ತಾಹೇರಾಳ ಬಾಯಿಂದ ಅಲ್ಲೇ ಹೊರಗೆ ಬಿತ್ತು. ಮದುವೆಮನೆ ಎಂಬುದೂ ನೆನಪಾಗಲಿಲ್ಲ. "ನಿಮಗೆ ಎಷ್ಟು ಕೊಟ್ರೂ ಸಾಲ್ದಲ್ವಾ ಅಮ್ಮಾ? ಹಬ್ಬಕ್ಕೊಂದ್ ಸಲ ಎಲೆ, ಕಂದು, ಹೂವು ಅಂತ ಕೇಳಿ ಕೇಳಿ ನನ್ ಹಿತ್ಲು ಬೋಳು ಮಾಡುದ್ರಿ. ಈಗ ನಮ್ ಅಮ್ಮಿ ಗಿಡಾನೂ ಬೇಕಾಯ್ತಾ?"

ಶ್ರೀಮತಮ್ಮನ ಮುಖದಿಂದ ನಗು ಇಳಿಯಿತು. ಅವಳನ್ನು ಕೈಹಿಡಿದು ಉಗ್ರಾಣದ ಕಡೆಗೆ ಕರೆದುಕೊಂಡು ಹೋದರು.

"ಯಾರು ಕೇಳಿದ್ದು? ನಾವು ಯಾವತ್ತೂ ಕೇಳಿಲ್ಲ ಕಣಮ್ಮ."

"ಎಲೆ ಬೇಕಂತೆ ಅಂತ ಪ್ರತೀ ಹಬ್ಬಕ್ಕೂ ಇವ್ರು ಕುಯ್ಕೊಂಡು ಬತ್ತಾರಲ್ಲ?"

"ತರ್ತಾರೆ, ಹೌದು. ನಾವು ಬೇಡ ಅಂತ ಎಷ್ಟು ಸಲ ಹೇಳಿದ್ವಿ. ಇವರಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ನಮ್ಮನೇಲಿ ಹಬ್ಬದೂಟವೇ ಇಲ್ಲ, ತಟ್ಟೇಲಿ ಒಂದಿಷ್ಟು ಹಾಕ್ಕೊಂಡು ತಿಂದು ಏಳ್ತೀವಿ. ಆದರೆ ವಾಜಿದ್ ಅಷ್ಟು ಪ್ರೀತಿಯಿಂದ ಬಾಗಿಲಲ್ಲಿ ನಿಂತಾಗ ಬೇಡ ಅಂದರೆ ಎಲ್ಲಿ ನೊಂದ್ಕೊಳ್ತಾರೋ ಅಂತ ಇಸ್ಕೊಳ್ತಿದ್ವಿ." ಅವರು ದನಿ ತಗ್ಗಿಸಿದರು. "ಹಾಲಿನೋಳ ಹಸುಗೆ ಹಾಕ್ತಿದ್ದೆ. ಪಕ್ಕದ ಮನೆಯವರೂ ಹಾಗೇ. ನಿನಗೆ ಗೊತ್ತಾದರೆ ಬೇಜಾರಾಗುತ್ತೆ ಅಂತ ಹಿಂದಿನ ಬಾಗಿಲಿಂದ ಕಳಿಸ್ತಿದ್ವಿ."

ತಾಹೇರಾ ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟಳು. ಯಾರೋ ಉಂಡರು, ಯಾವುದೋ ದೇವರ ಮುಂದೆ ಇಟ್ಟರು ಎಂದುಕೊಂಡಾದರೂ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು. ಬೈಯುವುದಕ್ಕೆ ಒಬ್ಬರು ಇದ್ದರು ಎಂಬುದೂ ಒಂದು ಸಮಾಧಾನವೇ. ಈಗ ಅದೂ ಹೋಯಿತು. ಅವಳ ಗೊನೆಗಳೆಲ್ಲ ಬಡಕಲಾದದ್ದು ಯಾರಿಗೂ ಬೇಡದ ಎಲೆಗೋಸ್ಕರ.

ವಾಜಿದ್ ಛತ್ರದ ಊಟದ ಮನೆಯಲ್ಲಿದ್ದ. ತನ್ನದೇ ಮನೆಯ ಮದುವೆಯೆಂಬಂತೆ ಪಂಕ್ತಿಯ ನಡುವೆ ಓಡಾಡುತ್ತಾ, "ಇಲ್ಲಿಗೆ ಪಾಯಸ ಬರ್ಲಿ," ಎಂದು ಬಡಿಸುವವರಿಗೆ ಹೇಳುತ್ತಿದ್ದ. ತಾಹೇರಾ ಅವನನ್ನು ಕೈತೊಳೆಯುವ ಜಾಗಕ್ಕೆ ಕರೆದಳು.

"ನಮ್ ಹಿತ್ಲಲ್ಲಿ ಏನೇನ್ ಬಾಳೆ ಅದೆ, ಯೋಳಿ."

ಅವನು ತಮಾಷೆ ಎಂದುಕೊಂಡ. "ಬಾಳೆ ಅಂದ್ರೆ ಬಾಳೆ ಕಣೇ."

ಎರಡು ಬೀದಿಯಾಚೆ ಮೋಟಾರು ಓಡಿದರೆ ಸದ್ದು ಕೇಳಿಯೇ ಬೇರಿಂಗು ಹೋಗಿದೆ, ಕಾಯಿಲು ಸುಟ್ಟಿದೆ ಎಂದು ಹೇಳುವ ಮನುಷ್ಯ. ಹನ್ನೆರಡು ವರ್ಷದಿಂದ ಎಲೆ ಕೊಯ್ಯುತ್ತಿದ್ದಾನೆ, ಗಿಡದ ಮುಖ ನೋಡಿಲ್ಲ.

"ಬಾಗಿಲಲ್ಲಿ ಕಟ್ಟಿರೋದು ನಮ್ ಅಮ್ಮಿ ಬಾಳೆ. ಮೂಲೆ ಗಿಡ. ಮುಟ್ಬ್ಯಾಡಿ ಅಂದಿದ್ದೆ."

ವಾಜಿದನ ಮುಖ ಬಿಳಿಚಿತು. "ಅಲ್ಲಾ ಕಸಮ್, ನಂಗೊತ್ತಾಗ್ಲಿಲ್ಲ ತಾಹೇರಾ. ಚೆನ್ನಾಗಿತ್ತು, ಅದಕ್ಕೆ ಕೊಟ್ಟೆ."

"ಮೇಷ್ಟ್ರು ಯಾವತ್ತಾದ್ರೂ ಬಾಯ್ಬುಟ್ಟು ಎಲೆ ಕೇಳಿದ್ರಾ?"

"ಹಬ್ಬ ಅಂದ್ಮೇಲೆ ಎಲೆ ಬೇಕೇ ಬೇಕು ಅಂತ ನಾನೇ ಅಂದ್ಕೊಂಡೆ. ಕೇಳೋವರ್ಗೂ ಕಾಯೋದಾ? ಕೇಳಿಸ್ಕೊಂಡು ಕೊಟ್ರೆ ಅದೇನ್ ಕೊಟ್ಟಂಗಾಯ್ತು?" ಅವನಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಿರಲಿಲ್ಲ. ಅದನ್ನು ನೋಡಿ ತಾಹೇರಾಗೆ ಇನ್ನೂ ಸಿಟ್ಟು ಬಂತು. ಸುಳ್ಳುಗಾರನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಒಳ್ಳೆಯವನ ಜೊತೆ ಏನೆಂದು ಜಗಳವಾಡುವುದು?

ಮದುವೆ ಮುಗಿದು ಚಪ್ಪರ ಬಿಚ್ಚುವಾಗ ಅಂಕಯ್ಯ ಗೊನೆಯನ್ನು ತಂದುಕೊಟ್ಟ. ತಾಹೇರಾ ಅದನ್ನು ಅಡುಗೆಮನೆಯ ತೊಲೆಗೆ ನೇತುಹಾಕಿದಳು. ಏನಾದರೂ ಆಗಲಿ ಎಂದು ಹೊಗೆ ಹಾಕಿದಳು, ಹುಲ್ಲಿನಲ್ಲಿ ಮುಚ್ಚಿದಳು. ಬಲಿಯದ ಕಾಯಿ ಹಣ್ಣಾಗುವ ನಾಟಕ ಆಡಿತು. ಸಿಪ್ಪೆ ಅಲ್ಲಲ್ಲಿ ಹಳದಿಯಾಯಿತು, ಒಳಗೆ ಮಾತ್ರ ಬೆಂಡು. ಉಳಿದದ್ದನ್ನೆಲ್ಲ ಬಿಸಾಡಿ, ಕೊನೆಯ ಒಂದು ಚಿಪ್ಪನ್ನು ಇಫ್ತಾರಿಗೆ ಎತ್ತಿಟ್ಟಳು.

ಇಫ್ತಾರಿನ ದಿನ ಮಸೀದಿಯ ಬಾಂಗಿಗೆ ಕಾದು ಎಲ್ಲರೂ ಊಟಕ್ಕೆ ಹಾಸಿದ ದಸ್ತರಖಾನಿನ ಸುತ್ತ ಕುಳಿತರು. ಖರ್ಜೂರವಾದ ಮೇಲೆ ಯಾಸೀನ್ ಬಾಳೆಹಣ್ಣನ್ನು ಸುಲಿದು ಕಚ್ಚಿದ. ನಿಧಾನಕ್ಕೆ ಅಗಿದ. ಜಾಕಿಯಾ ಒಂದು ಚೂರು ಬಾಯಿಗಿಟ್ಟು, ತಂಗಿಯ ಮುಖ ನೋಡದೆ ನೀರು ಕುಡಿದಳು.

"ಒಗರು," ಎಂದ ಯಾಸೀನ್. "ಇದು ಅದಲ್ಲ ಬುಡಮ್ಮ."

"ಬಲಿಯೋಕ್ ಮುಂಚೆ ಕಡ್ದಿದ್ದು ಭಾಯ್. ಎಳೇದು," ಎಂದಳು ತಾಹೇರಾ. ನಿಜವೇ ಆದರೂ ತನಗೇ ಅದು ನೆಪದ ಹಾಗೆ ಕೇಳಿಸಿತು. ಜಾಕಿಯಾ, "ನಾ ಅವತ್ತೇ ಅಂದಿರ್ಲಿಲ್ವಾ, ಕೊಟ್ಟಿಗೆ ತಾವಿಂದು," ಎಂದು ಮೆಲ್ಲಗೆ ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವಳ ತುತ್ತು ಬಾಯಿಗೂ ಬಂದು ಒಗರಾಯಿತು.

ಆಗ ವಾಜಿದ್ ಬಾಯಿ ಹಾಕಿದ. ತಪ್ಪು ಮಾಡಿದವನು, ಸರಿಮಾಡಲು ಅವನಿಗೆ ಗೊತ್ತಿದ್ದುದು ಒಂದೇ ದಾರಿ. "ಭಾಯ್, ರುಚಿ ಗಿಚಿ ಎಲ್ಲಾ ಬಿಡಿ. ಕಂದು ತಗೊಂಡೋಗಿ ನೆಡಿ. ನಾನ್ ಕೊಡ್ತಾ ಇದೀನಿ, ನನ್ ಮುಖ ನೋಡಿ ತಗೊಳ್ಳಿ. ಒಂದಲ್ಲ, ಇರೋದೆಲ್ಲಾ ತಗೊಳ್ಳಿ." ಯಾಸೀನ್ ಬೇಡವೆಂದ. ವಾಜಿದ್ ಬಿಡಲಿಲ್ಲ. ಊಟವಾಗುವವರೆಗೂ ಹೇಳಿದ, ಕೈಹಿಡಿದು ಹೇಳಿದ.

ರಾತ್ರಿ ಅಲ್ಲೇ ಉಳಿದ ನೆಂಟರು ಬೆಳಿಗ್ಗೆ ಹೊರಡುವಷ್ಟರಲ್ಲಿ ವಾಜಿದ್ ಮೂಲೆಯ ಬುಡದಿಂದ ಕಂದುಗಳನ್ನು ತಾನೇ ಅಗೆದು, ಯಾಸೀನನ ಗೂಡ್ಸ್ ಆಟೋಗೆ ತುಂಬಿಸಿಬಿಟ್ಟಿದ್ದ. ತಾಹೇರಾ ಹೊಸಿಲಲ್ಲಿ ನಿಂತಿದ್ದಳು. ಅವಳಿಗೂ ಒಂದು ಗಳಿಗೆ, ಹೀಗಾದರೂ ಆಗಲಿ, ನೆಲವೊಂದು ಸಿಕ್ಕಿತಲ್ಲ ಅನ್ನಿಸಿತು.

ಯಾಸೀನ್ ಆಟೋ ಹತ್ತುತ್ತಾ ನಕ್ಕ. "ಆಯ್ತು ಬುಡಿ ವಾಜಿದ್ ಭಾಯ್. ನೀವಿಷ್ಟು ಪ್ರೀತಿಯಿಂದ ಕೊಡೋವಾಗ ಬ್ಯಾಡ ಅನ್ನಕ್ಕಾಯ್ತದಾ?"

ಉಗ್ರಾಣದಲ್ಲಿ ಶ್ರೀಮತಮ್ಮ ಆಡಿದ್ದು ಇದೇ ಮಾತು. ವಾಜಿದ್ ಕೊಟ್ಟದ್ದನ್ನು ಬೇಡವೆನ್ನಲಾರದೆ ತೆಗೆದುಕೊಂಡವರು ಆಮೇಲೆ ಅದನ್ನೇನು ಮಾಡುತ್ತಾರೆಂದು ಈಗ ತಾಹೇರಾಗೆ ಗೊತ್ತಿತ್ತು.

"ಎಲ್ಲಿ ನೆಡ್ತೀರಿ ಭಾಯ್?" ಎಂದು ಕೇಳಿದಳು. "ಆ ನಾಲೆ ಪಕ್ಕದ್ ಮಡೀಲಾ?"

"ಅಲ್ಲಿ ಕಬ್ಬು ಬುಡಬೇಕು ಅಂತಿದೀವಿ. ನೋಡಾನ, ಬದಿನ್ ಮ್ಯಾಲೋ, ಎಲ್ಲಾದ್ರೂ."

"ನಿಮ್ಮನೆ ಎಮ್ಮೆ ಬಾಳೆ ತಿಂತದಾ?"

ಯಾಸೀನ್ ಜೇಬಿನಲ್ಲಿ ಆಟೋದ ಕೀಲಿ ಹುಡುಕತೊಡಗಿದ. ಜಾಕಿಯಾ ಸೆರಗು ಸರಿಮಾಡಿಕೊಂಡಳು.

ತಾಹೇರಾ ಹೊಸಿಲು ಇಳಿದು ಬಂದು ಆಟೋದ ಹಿಂಬದಿಯ ಹಲಗೆ ಬಿಚ್ಚಿದಳು. ಒಂದೊಂದೇ ಕಂದನ್ನು ಎತ್ತಿ ಗೋಡೆಗೆ ಒರಗಿಸತೊಡಗಿದಳು. ಮಣ್ಣು ಸೀರೆಗೆ ಮೆತ್ತಿತು. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದನ್ನು ವಾಜಿದ್ ಆ ಮನೆಯಲ್ಲಿ ಕಂಡೇ ಇರಲಿಲ್ಲ. "ಏನಿದು, ನೆಂಟರ ಮುಂದೆ," ಎಂದು ಉರ್ದುವಿನಲ್ಲಿ ಪಿಸುಗುಟ್ಟಿದ. ಅವಳು ಕೇಳಿಸಿಕೊಳ್ಳಲಿಲ್ಲ. ಯಾಸೀನನ ಮುಖದಲ್ಲಿ ಕೋಪವಿರಲಿಲ್ಲ. ಹೊರೆ ಇಳಿಯಿತೆಂಬ ನೆಮ್ಮದಿ ಇತ್ತು.

ಆಟೋ ಹೋದ ಮೇಲೆ ವಾಜಿದ್ ಕೇಳಿದ. "ಈಗ ಇದನ್ನೆಲ್ಲಿ ನೆಡ್ತೀಯ? ರಂಜಾನ್ ಮುಗುದ್ರೆ ಶೆಡ್ಡಿನ ಕೆಲಸ ಶುರು."

"ಕಿತ್ತಿದ್ ಜಾಗದಲ್ಲೇ ನೆಡ್ತೀನಿ."

"ಮತ್ತೆ ಅಂಗಡಿ?"

"ಊರು ತುಂಬ ಕೊಟ್ಟಿದ್ದೀರಲ್ಲ. ಮೇಷ್ಟ್ರುನ್ನ ಕೇಳಿ, ಪಕ್ಕದ್ ಮನೆಯೋರ್ನ ಕೇಳಿ, ಎಲೆ ಇಸ್ಕೊಂಡೋರ ಪೈಕಿ ಯಾರದಾದ್ರೂ ಮನೆ ಮುಂದ್ಗಡೆ ಒಂದು ರೂಮು ಖಾಲಿ ಇದ್ದಾತು. ಬಾಗ್ಲಲ್ಲಿ ನಿಂತು, ನನಗೊಂದು ಜಾಗ ಬೇಕು ಅಂತ ಬಾಯ್ಬುಟ್ಟು ಕೇಳಿ."

"ಕೇಳೋದಾ?" ಎಂದ ವಾಜಿದ್. ಯಾರೋ ಅವನಿಗೆ ಬೀದಿಯಲ್ಲಿ ಬಟ್ಟೆ ಬಿಚ್ಚು ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲ. "ನನ್ ಕೈಲಾಗಲ್ಲ ತಾಹೇರಾ. ನಾನ್ಯಾವತ್ತೂ ಯಾರನ್ನೂ ಕೇಳಿಲ್ಲ."

"ಗೊತ್ತು," ಎಂದಳು ತಾಹೇರಾ. "ನನ್ನೂ ಕೇಳ್ಲಿಲ್ಲ."

ಅವಳು ಗುದ್ದಲಿ ತೆಗೆದುಕೊಂಡು ಹಿತ್ತಲಿಗೆ ಹೋದಳು.